ಒಟ್ಟಿಗೆ ಇದ್ದೀವಿ, ಮದುವೆ ಆಗ್ಬೇಕಾ? ನಾಲ್ಕು ದಾರಿಗಳ ಹೋಲಿಕೆ

ಆಸ್ಪತ್ರೆಯ ಕೌಂಟರಿನಲ್ಲಿ ಕೊಟ್ಟ ಆ ಫಾರಂ ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಹಳದಿ ಕಾಗದ, ಅಡಿಯಲ್ಲಿ ಕಾರ್ಬನ್ ಪ್ರತಿ. ರೋಗಿಯ ಹೆಸರು ತುಂಬಿದೆ, ವಯಸ್ಸು ತುಂಬಿದೆ. ಅದರ ಕೆಳಗೆ 'ರೋಗಿಗೆ ಏನಾಗಬೇಕು' ಅಂತ ಒಂದು ಗೆರೆ. ಪೆನ್ನು ಅಲ್ಲೇ ನಿಂತಿತು. ಡೆಂಗಿ ಜ್ವರಕ್ಕೆ ಪ್ಲೇಟ್‌ಲೆಟ್ ಇಳಿದು ಅವನು ಒಳಗೆ ಮಲಗಿದ್ದ. ಮೂರು ವರ್ಷದಿಂದ ಬೆಂಗಳೂರಿನಲ್ಲಿ ಒಂದೇ ಮನೆಯಲ್ಲಿದ್ದೆವು. ಒಂದೇ ಹಾಲಿನ ಲೆಕ್ಕ, ಒಂದೇ ಗ್ಯಾಸ್ ಸಿಲಿಂಡರ್. ನಾನು 'ಸ್ನೇಹಿತೆ' ಅಂತ ಬರೆದೆ. ಕೌಂಟರಿನಲ್ಲಿದ್ದವರು ಅದನ್ನು ನೋಡಿ, "ಮನೆಯವರು ಯಾರೂ ಇಲ್ವಾ ಮೇಡಂ? ಅವರನ್ನ ಕರೆಸಿ" ಅಂದರು. ಅವನ ಅಪ್ಪ, ಅವ್ವ ಹುಬ್ಬಳ್ಳಿಯಿಂದ ರಾತ್ರಿ ರೈಲು ಹತ್ತಿ ಬರುವ ತನಕ ನಾನು ಅಲ್ಲಿ ಬರೀ ನೀರು ತಂದುಕೊಡುವವಳಾಗಿ ಉಳಿದೆ.

ಅವನು ಹುಷಾರಾದ. ಆದರೆ ಆಮೇಲೆ ಒಂದು ವರ್ಷ ನಾವು ಈ ಮಾತನ್ನೇ ತಿರುಗಿಸಿ ತಿರುಗಿಸಿ ಆಡಿದೆವು. ಲಾಯರ್ ಒಬ್ಬರನ್ನು ಕಂಡೆವು. ನಮ್ಮ ಹಾಗೇ ಇದ್ದ ನಾಲ್ಕಾರು ಜೋಡಿಗಳ ಜೊತೆ ಕೂತೆವು. ಕೊನೆಗೆ ನಾವು ಮದುವೆಯಾದೆವು. ನಮಗೆ ತುಂಬ ಬೇಕಾದ ಇನ್ನೊಂದು ಜೋಡಿ ಬೇಡ ಅಂತ ತೀರ್ಮಾನಿಸಿತು. ಎರಡೂ ಒಳ್ಳೆಯ ತೀರ್ಮಾನ ಅಂತ ನನಗೆ ಇವತ್ತಿಗೂ ಅನಿಸುತ್ತದೆ. ನನಗೆ ಭಯ ಆಗುವುದು ಏನನ್ನೂ ತೀರ್ಮಾನಿಸದೆ ವರ್ಷಗಟ್ಟಲೆ ಗಂಡ ಹೆಂಡತಿಯ ಹಾಗೆ ಬದುಕಿ, ಕಾಗದದಲ್ಲಿ ಮಾತ್ರ ಯಾರಿಗೂ ಯಾರೂ ಅಲ್ಲದವರಾಗಿ ಉಳಿದವರನ್ನು ನೋಡಿದಾಗ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಮುಂದಿರುವ ದಾರಿಗಳು

ಎಲ್ಲರೂ 'ಮದುವೆ ಆಗೋದಾ, ಬೇಡ್ವಾ' ಅಂತ ಎರಡೇ ದಾರಿ ಇಟ್ಟುಕೊಂಡು ಜಗಳವಾಡುತ್ತಾರೆ. ನಿಜವಾಗಿ ನಾಲ್ಕಿವೆ.

ಮೊದಲನೆಯದು, ಈಗ ಹೇಗಿದ್ದೀರೋ ಹಾಗೇ ಮುಂದುವರಿಯುವುದು. ಎರಡನೆಯದು, ಮದುವೆ ಬೇಡ, ಆದರೆ ವಿಲ್, ನಾಮಿನಿ, ಬಾಡಿಗೆ ಕರಾರು, ಜಂಟಿ ಖಾತೆ ಎಲ್ಲವನ್ನೂ ಕಾಗದಕ್ಕೆ ಇಳಿಸುವುದು. ಮೂರನೆಯದು, ಸ್ಪೆಷಲ್ ಮ್ಯಾರೇಜ್ ಆಕ್ಟ್ ಕೆಳಗೆ ರಿಜಿಸ್ಟರ್ ಮದುವೆ. ನಾಲ್ಕನೆಯದು, ಶಾಸ್ತ್ರದ ಮದುವೆ ಮಾಡಿಕೊಂಡು ಆಮೇಲೆ ನೋಂದಣಿ. ಮಂತ್ರ ಮಾಂಗಲ್ಯ ಮಾಡಿಕೊಳ್ಳುವವರದು ಮೂರಕ್ಕೂ ನಾಲ್ಕಕ್ಕೂ ನಡುವಿನ ದಾರಿ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲನೆಯ ದಾರಿಯನ್ನು ಯಾರೂ ಬೇಕು ಅಂತ ಆರಿಸಿಕೊಳ್ಳುವುದಿಲ್ಲ. ಅದರೊಳಗೆ ಜಾರುತ್ತಾರೆ. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಸ್ಕಾಟ್ ಸ್ಟ್ಯಾನ್ಲಿ ಮತ್ತು ಅವರ ಜೊತೆಗಾರರು 2006ರಲ್ಲಿ ಇದನ್ನೇ ವಿವರವಾಗಿ ಬರೆದರು. ಜಾರುವುದು ಬೇರೆ, ತೀರ್ಮಾನಿಸುವುದು ಬೇರೆ ಅನ್ನುವುದು ಅವರ ಮಾತು. ಬಾಡಿಗೆ ಉಳಿಯುತ್ತೆ ಅಂತ ಒಂದೇ ಮನೆಗೆ ಬರುತ್ತೀರಿ. ಆಮೇಲೆ ಫ್ರಿಜ್, ಸೋಫಾ, ಒಂದು ನಾಯಿ. ಬಿಟ್ಟು ಹೋಗುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತದೆ, ಆದರೆ ಜೊತೆಗಿರಬೇಕು ಅನ್ನುವ ನಿರ್ಧಾರ ಮಾತ್ರ ಯಾವತ್ತೂ ಆಗಿರುವುದಿಲ್ಲ. ಹಾಗೆ ಜಾರುತ್ತಲೇ ಕೆಲವರು ಮದುವೆಯೊಳಕ್ಕೂ ಬೀಳುತ್ತಾರೆ. ನಾವು ಮನೆಗೆ ಬಂದದ್ದೂ ಹಾಗೆಯೇ. ನನ್ನ ಪಿಜಿಯ ಅವಧಿ ಮುಗಿದಿತ್ತು, ಅವನ ರೂಮ್‌ಮೇಟ್ ಖಾಲಿ ಮಾಡಿದ್ದ.

ಕಾನೂನು ಎಷ್ಟು ದೂರ ಜೊತೆಗೆ ಬರುತ್ತೆ

ವಯಸ್ಕರಿಬ್ಬರು ಮದುವೆಯಾಗದೆ ಜೊತೆಗಿರುವುದು ಅಪರಾಧ ಅಲ್ಲ. ಸುಪ್ರೀಂ ಕೋರ್ಟ್ 2006ರಲ್ಲೂ 2010ರಲ್ಲೂ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ 'ಪೊಲೀಸ್ ಕರೀತೀನಿ' ಅನ್ನುವ ಓನರ್ ಮಾತಿಗೆ ಹೆದರಿ ಮದುವೆಯಾಗಬೇಡಿ. ಮನೆ ಬದಲಿಸಿದರೆ ಸಾಕು.

ಅಪರಾಧ ಅಲ್ಲ ಅಂದ ಮಾತ್ರಕ್ಕೆ ರಕ್ಷಣೆ ಇದೆ ಅಂತ ಅರ್ಥ ಅಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ 2005ರ ಕಾಯ್ದೆ ಮಾತ್ರ 'ಮದುವೆಯ ಸ್ವರೂಪದ ಸಂಬಂಧ'ವನ್ನೂ ಒಳಗೆ ತೆಗೆದುಕೊಳ್ಳುತ್ತದೆ. ಹೊಡೆತ, ಬಡಿತ, ಮನೆಯಿಂದ ಹೊರಹಾಕುವುದು, ಖರ್ಚಿಗೆ ಕೊಡದಿರುವುದು ಇವಕ್ಕೆಲ್ಲ ಹೆಣ್ಣು ಇದರ ಕೆಳಗೆ ಕೋರ್ಟಿಗೆ ಹೋಗಬಹುದು. ಆದರೆ ಎಲ್ಲ ಲಿವ್-ಇನ್ ಸಂಬಂಧವೂ ಆ ಮಾತಿನೊಳಗೆ ಬರುವುದಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ನಾಲ್ಕು ಷರತ್ತು ಹಾಕಿತು. ಇಬ್ಬರೂ ಸಮಾಜದ ಮುಂದೆ ಗಂಡ ಹೆಂಡತಿಯ ಹಾಗೆ ಕಾಣಿಸಿಕೊಂಡಿರಬೇಕು. ಮದುವೆಯ ವಯಸ್ಸಾಗಿರಬೇಕು. ಬೇರೆ ಮದುವೆ ಇರಬಾರದು, ಅಂದರೆ ಬಯಸಿದ್ದರೆ ಮದುವೆಯಾಗಲು ಅಡ್ಡಿ ಇರಬಾರದು. ಸ್ವಇಚ್ಛೆಯಿಂದ ಸಾಕಷ್ಟು ಕಾಲ ಜೊತೆಗಿದ್ದಿರಬೇಕು.

ಇದು ಎಷ್ಟು ಬಿಗಿ ಅನ್ನುವುದಕ್ಕೆ ಬೆಂಗಳೂರಿನದೇ ಒಂದು ಕೇಸು ಇದೆ. ಒಂದೇ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಇಬ್ಬರು 1992ರಿಂದ ಜೊತೆಗಿದ್ದರು. ಗಂಡಸಿಗೆ ಮೊದಲೇ ಹೆಂಡತಿ, ಮಕ್ಕಳಿದ್ದರು. ಅವನು ಬಿಟ್ಟುಹೋದ ಮೇಲೆ ಆಕೆ ಕೋರ್ಟಿಗೆ ಹೋದರು. ಮ್ಯಾಜಿಸ್ಟ್ರೇಟ್ ತಿಂಗಳಿಗೆ 18,000 ರೂಪಾಯಿ ಜೀವನಾಂಶ ಕೊಡಿಸಿದರು. ಹೈಕೋರ್ಟ್ ಅದನ್ನು ರದ್ದು ಮಾಡಿತು. 2013ರಲ್ಲಿ ಸುಪ್ರೀಂ ಕೋರ್ಟೂ ಹೈಕೋರ್ಟ್ ಮಾತನ್ನೇ ಎತ್ತಿಹಿಡಿಯಿತು. ಅವನಿಗೆ ಮದುವೆಯಾಗಿದೆ ಅಂತ ಆಕೆಗೆ ಮೊದಲೇ ಗೊತ್ತಿತ್ತು, ಆದ್ದರಿಂದ ಇದು ಮದುವೆಯ ಸ್ವರೂಪದ್ದಲ್ಲ ಅಂತ. ಅಷ್ಟು ವರ್ಷದ ಬಾಳು, ಕೊನೆಗೆ ಕೈಗೆ ಏನೂ ಸಿಗಲಿಲ್ಲ. ಆ ತೀರ್ಪಿನಲ್ಲೇ ಕೋರ್ಟು ಏನೇನು ನೋಡಬೇಕು ಅಂತ ಪಟ್ಟಿಯನ್ನೂ ಕೊಟ್ಟಿದೆ: ಎಷ್ಟು ಕಾಲ ಇದ್ದರು, ಒಂದೇ ಮನೆಯಾ, ಹಣ ಒಟ್ಟುಗೂಡಿಸಿದ್ದರಾ, ಮನೆಕೆಲಸ ಹಂಚಿಕೊಂಡಿದ್ದರಾ, ಮಕ್ಕಳಿದ್ದರಾ, ನೆಂಟರಿಷ್ಟರ ಮುಂದೆ ಹೇಗಿದ್ದರು, ಉದ್ದೇಶ ಏನಿತ್ತು.

ಈ ಪಟ್ಟಿಯಲ್ಲಿ ಒಂದನ್ನು ಗಮನಿಸಿ. ಮದುವೆಯಾದವರು ಒಂದು ಸರ್ಟಿಫಿಕೇಟ್ ತೋರಿಸಿದರೆ ಮುಗಿಯಿತು. ಆಗದವರು ತಮ್ಮ ಬದುಕನ್ನೇ ಒಂದೊಂದಾಗಿ ಸಾಬೀತು ಮಾಡಬೇಕು. ಅದೂ ಸಂಬಂಧ ಹಾಳಾದ ಮೇಲೆ, ಎದುರಿಗಿರುವವನು 'ಅವಳು ನನ್ನ ರೂಮ್‌ಮೇಟ್ ಅಷ್ಟೆ' ಅನ್ನುತ್ತಿರುವಾಗ.

ಇನ್ನೊಂದು ವಿಷಯ ಗಂಡಸರಿಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ ಪ್ರಕಾರ, ನೆರವೇರಿಸುವ ಉದ್ದೇಶವೇ ಇಲ್ಲದೆ ಮದುವೆಯ ಮಾತು ಕೊಟ್ಟು ದೈಹಿಕ ಸಂಬಂಧ ಇಟ್ಟುಕೊಂಡರೆ 10 ವರ್ಷದವರೆಗೆ ಜೈಲು. ಮದುವೆ ಆಗಲ್ಲ ಅನ್ನುವುದು ನಿಮ್ಮ ಮನಸ್ಸಿನಲ್ಲಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಅವಳಿಗೆ ಗೊತ್ತಿರಬಹುದು ಅಂತ ಸುಮ್ನೆ ಇರಬೇಡಿ. ಕಾನೂನು ಇಲ್ಲದಿದ್ದರೂ ಆ ಮಾತು ಅವಳಿಗೆ ಸಲ್ಲಬೇಕಾದದ್ದು.

ಉತ್ತರಾಖಂಡದಲ್ಲಿ ಕೆಲಸಕ್ಕಿರುವ ಕನ್ನಡದ ಜೋಡಿಗಳಿಗೆ ಬೇರೆಯದೇ ನಿಯಮ. ಅಲ್ಲಿ 2025ರ ಜನವರಿ 27ರಿಂದ ಲಿವ್-ಇನ್ ಸಂಬಂಧವನ್ನು ನೋಂದಾಯಿಸುವುದು ಕಡ್ಡಾಯ. ಕರ್ನಾಟಕದಲ್ಲಿ ಅಂಥದ್ದಿಲ್ಲ.

ಕಾಯಿಲೆ ಬಿದ್ದಾಗ, ಸತ್ತಾಗ

ಇಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಯಾಕಂದರೆ ಜೋಡಿಗಳು ಇದನ್ನೇ ಮಾತಾಡುವುದಿಲ್ಲ. ಮೂವತ್ತರ ವಯಸ್ಸಿನಲ್ಲಿ ಸಾವಿನ ಮಾತು ಅಪಶಕುನ ಅನಿಸುತ್ತದೆ.

ರೋಗಿಗೆ ಎಚ್ಚರ ಇದ್ದರೆ ಒಪ್ಪಿಗೆ ಅವರದ್ದೇ, ಯಾರ ಸಹಿಯ ಪ್ರಶ್ನೆಯೂ ಇಲ್ಲ. ಎಚ್ಚರ ಇಲ್ಲದಾಗ ಆಸ್ಪತ್ರೆ ಹುಡುಕುವುದು ರಕ್ತಸಂಬಂಧ ಅಥವಾ ಮದುವೆಯ ಸಂಬಂಧ. ಮದುವೆಯಾದವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಆಗದವರಿಗೆ ಒಂದು ದಾರಿ ಈಚೆಗೆ ತೆರೆದಿದೆ. 2018ರ ಮತ್ತು 2023ರ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಅನುಸರಿಸಿ ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಮುಂಗಡ ವೈದ್ಯಕೀಯ ನಿರ್ದೇಶನದ ಬಗ್ಗೆ ಆದೇಶ ಹೊರಡಿಸಿತು. ನಾನು ತೀರ್ಮಾನ ಮಾಡುವ ಸ್ಥಿತಿಯಲ್ಲಿ ಇಲ್ಲದಾಗ ನನ್ನ ಪರವಾಗಿ ಮಾತಾಡಬೇಕಾದ ಕನಿಷ್ಠ ಇಬ್ಬರ ಹೆಸರನ್ನು ಅದರಲ್ಲಿ ಬರೆಯಬೇಕು. ಒಂದು ಹೆಸರು ಸಂಗಾತಿಯದಿರಲಿ. ಎರಡು ಸಾಕ್ಷಿ ಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಬೇಕು. ಎರಡನೆಯ ದಾರಿ ಹಿಡಿಯುವವರು ಮೊದಲು ಮಾಡಬೇಕಾದ ಕಾಗದ ಇದು.

ಇನ್ನು ಆಸ್ತಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಲಿವ್-ಇನ್ ಸಂಗಾತಿ ಅನ್ನುವ ವಾರಸುದಾರರೇ ಇಲ್ಲ. ಗಂಡಸು ವಿಲ್ ಬರೆಯದೆ ತೀರಿಕೊಂಡರೆ ಅವನ ಸ್ವಂತ ಆಸ್ತಿ ಹೆಂಡತಿ, ಮಕ್ಕಳು, ತಾಯಿಗೆ ಸಮವಾಗಿ ಹೋಗುತ್ತದೆ. ಹತ್ತು ವರ್ಷ ಜೊತೆಗಿದ್ದ ಸಂಗಾತಿಗೆ ಒಂದು ಚಮಚವೂ ಬರುವುದಿಲ್ಲ. ಮದುವೆ ಇಲ್ಲಿ ಒಂದೇ ಏಟಿಗೆ ಎಲ್ಲವನ್ನೂ ಸರಿಮಾಡುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಹೆಣ್ಣುಮಕ್ಕಳ ಪಾಲಿಗೆ ಅದು ಪೂರ್ತಿ ನಿಜವಲ್ಲ. ನಮ್ಮ ಲಾಯರ್ ಮೇಡಂ ಅದೇ ಕಾಯ್ದೆಯ 15ನೇ ಕಲಂ ತೆಗೆದು ತೋರಿಸಿದಾಗ ನಾನು ನಿಜಕ್ಕೂ ಬೆಚ್ಚಿಬಿದ್ದೆ.

ನಾನು ಮದುವೆಯಾಗದೆ, ವಿಲ್ ಬರೆಯದೆ ಸತ್ತಿದ್ದರೆ ನನ್ನ ದುಡಿಮೆಯ ಸೈಟು ಸಾಗರದಲ್ಲಿರುವ ಅಪ್ಪ ಅಮ್ಮನಿಗೆ ಹೋಗುತ್ತಿತ್ತು. ಮದುವೆಯಾಗಿ ಸತ್ತರೆ ಗಂಡನಿಗೆ, ಮಕ್ಕಳಿಗೆ. ಅದು ಸರಿಯೇ. ಆದರೆ ಗಂಡ ಮೊದಲೇ ತೀರಿಕೊಂಡಿದ್ದು, ಮಕ್ಕಳೂ ಇಲ್ಲದಿದ್ದರೆ? ಆಗ ಗಂಡನ ವಾರಸುದಾರರಿಗೆ ಹೋಗುತ್ತದೆ. ಅಂದರೆ ನಾನು ಓವರ್‌ಟೈಮ್ ಮಾಡಿ ಕೊಂಡ ಸೈಟಿಗೆ ನನ್ನ ಹೆತ್ತವರಿಗಿಂತ ಮೊದಲು ನಾನು ನಾಲ್ಕು ಸಲವೂ ನೋಡಿರದ ಮೈದುನ ಹಕ್ಕುದಾರನಾಗಬಹುದು. ಹೆತ್ತವರಿಂದ ಬಂದ ಆಸ್ತಿ ಮಾತ್ರ, ಮಕ್ಕಳಿಲ್ಲದಿದ್ದರೆ, ತಂದೆಯ ಕಡೆಗೆ ಮರಳುತ್ತದೆ. ಆದ್ದರಿಂದ ಹೆಣ್ಣುಮಕ್ಕಳೇ, ಮದುವೆಯಾಗಿ, ಆಗದೇ ಇರಿ, ವಿಲ್ ಬರೆಯಿರಿ. ಛಾಪಾ ಕಾಗದ ಬೇಕಿಲ್ಲ. ನೋಂದಣಿಯೂ ಕಡ್ಡಾಯವಲ್ಲ, ಆದರೆ ಮಾಡಿಸಿದರೆ ಒಳ್ಳೆಯದು. ನಿಮ್ಮ ಸಹಿ, ಎರಡು ಸಾಕ್ಷಿಗಳ ಸಹಿ. ಆಸ್ತಿ ಪಡೆಯುವವರು ಸಾಕ್ಷಿ ಹಾಕಬಾರದು.

'ನಾಮಿನಿ ಮಾಡಿದ್ದೀನಲ್ಲ, ಸಾಕಲ್ವಾ' ಅಂತ ಕೇಳುವವರು ಬಹಳ. ಸಾಲದು. ಸಾಮಾನ್ಯವಾಗಿ ನಾಮಿನಿ ಅಂದರೆ ಹಣ ಕೈಗೆ ತೆಗೆದುಕೊಳ್ಳುವವರು, ಒಡೆಯರಲ್ಲ. ವಾರಸುದಾರರು ಕೇಳಿದರೆ ಕೊಡಬೇಕು. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರಲ್ಲಿ ಹೀಗೇ ಹೇಳಿತು. ಪಿಎಫ್‌ನಲ್ಲಿ ಇನ್ನೊಂದು ತೊಡಕು ಇದೆ. ನಿಮ್ಮನ್ನು ಅವಲಂಬಿಸಿದ ತಂದೆ ತಾಯಿ ಇದ್ದರೆ ಅವರನ್ನು 'ಕುಟುಂಬ' ಅಂತ ಲೆಕ್ಕ ಹಾಕುತ್ತಾರೆ. ಕುಟುಂಬ ಇರುವಾಗ ಹೊರಗಿನವರನ್ನು ನಾಮಿನಿ ಮಾಡಿದರೆ ಅದು ನಿಲ್ಲುವುದಿಲ್ಲ. ಕಾನೂನಿನ ಕಣ್ಣಿಗೆ ಸಂಗಾತಿ ಹೊರಗಿನವರೇ. ಕುಟುಂಬ ಇಲ್ಲ ಅಂತ ಸಂಗಾತಿಯ ಹೆಸರು ಬರೆದಿದ್ದವರೂ ಮದುವೆಯಾದ ಮೇಲೆ ಹೊಸದಾಗಿ ಬರೆಯಬೇಕು, ಹಳೆಯದು ತಾನಾಗಿ ರದ್ದಾಗುತ್ತದೆ.

ದುಡ್ಡು, ಮನೆ, ಸಾಲ

ಗಂಡ ಹೆಂಡತಿಗೆ ಕೊಟ್ಟ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಲಿವ್-ಇನ್ ಸಂಗಾತಿ ತೆರಿಗೆಯ ಲೆಕ್ಕದಲ್ಲಿ ಸಂಬಂಧಿ ಅಲ್ಲ. ಒಂದು ವರ್ಷದಲ್ಲಿ ಹೊರಗಿನವರಿಂದ ಬಂದ ಉಡುಗೊರೆ 50,000 ರೂಪಾಯಿ ದಾಟಿದರೆ ಪಡೆದವರ ಆದಾಯಕ್ಕೆ ಪೂರ್ತಿ ಸೇರುತ್ತದೆ. ಸುಮ್ನೆ ಖಾತೆಯಿಂದ ಖಾತೆಗೆ ಲಕ್ಷಗಟ್ಟಲೆ ಹಾಕುವ ಮೊದಲು ಇದು ನೆನಪಿರಲಿ. ಮನೆ ಖರ್ಚನ್ನು ಹಂಚಿಕೊಳ್ಳುವುದು ಬೇರೆ, ಅದಕ್ಕೊಂದು ಲೆಕ್ಕ ಇಟ್ಟುಕೊಂಡರಾಯಿತು. ಆಸ್ತಿಯನ್ನೇ ದಾನಪತ್ರ ಮಾಡುವುದಾದರೆ ಕರ್ನಾಟಕದಲ್ಲಿ ಕುಟುಂಬದೊಳಗೆ ಮುದ್ರಾಂಕ ಶುಲ್ಕ ಬಹಳ ಕಡಿಮೆ, ಹೊರಗಿನವರಿಗೆ ಮಾರಾಟದಷ್ಟೇ ಭಾರ.

ಫ್ಲಾಟು ಕೊಳ್ಳುವ ಯೋಚನೆ ಇದ್ದರೆ ನನ್ನ ಅಭಿಪ್ರಾಯ ನೇರ. ಮದುವೆಯಾಗಿ ಕೊಳ್ಳಿ, ಇಲ್ಲವೇ ಕ್ರಯಪತ್ರದಲ್ಲಿ ಯಾರದು ಎಷ್ಟು ಪಾಲು ಅಂತ ಬರೆಸಿ ಕೊಳ್ಳಿ. ಒಬ್ಬರ ಹೆಸರಲ್ಲಿ ಕೊಂಡು ಇಬ್ಬರೂ ಇಎಂಐ ಕಟ್ಟುವ ವ್ಯವಸ್ಥೆಯಂತೂ ಬೇಡವೇ ಬೇಡ. ನನ್ನ ಗೆಳತಿಯೊಬ್ಬಳು ನಾಲ್ಕು ವರ್ಷ ತಿಂಗಳು ತಪ್ಪದೆ ಅರ್ಧ ಕಂತು ಕಳಿಸಿದಳು. ಬೇರೆಯಾದಾಗ ಅವಳಿಗೆ ಸಿಕ್ಕಿದ್ದು ವಾಷಿಂಗ್ ಮಶೀನ್. ಹೆಚ್ಚಿನ ಬ್ಯಾಂಕುಗಳು ಗೃಹಸಾಲಕ್ಕೆ ಜೊತೆ ಸಾಲಗಾರರಾಗಿ ಹತ್ತಿರದ ಸಂಬಂಧಿಕರನ್ನೇ ಕೇಳುತ್ತವೆ, ಆದ್ದರಿಂದ ಮದುವೆಯಾಗದ ಜೋಡಿಗಳು ಈ ಬಲೆಗೆ ಬೇಗ ಬೀಳುತ್ತಾರೆ.

ಬಾಡಿಗೆ ಮನೆಯಲ್ಲಿದ್ದರೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ, ಅಡ್ವಾನ್ಸ್ ಯಾರು ಎಷ್ಟು ಕೊಟ್ಟರು ಅನ್ನುವುದೂ ಇರಲಿ. ಮುಂದೆ ವೀಸಾಕ್ಕೂ ಕೋರ್ಟಿಗೂ ಅದೇ ಸಾಕ್ಷಿ.

ಮಕ್ಕಳು ಬೇಕು ಅಂದರೆ

ಹೊಟ್ಟೆಯಲ್ಲಿ ಹುಟ್ಟಿದ ಮಗುವಿನ ಜೀವನಾಂಶದ ಹಕ್ಕಿಗೆ ತಂದೆ ತಾಯಿಯ ಮದುವೆ ಬೇಕಿಲ್ಲ. ಮದುವೆಯಾಗದ ತಾಯಿ ತಂದೆಯ ಹೆಸರು ಹೇಳದೆಯೂ ಮಗುವಿನ ಪೋಷಕಿ ಆಗಬಹುದು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಿಂದೂ ಪೋಷಕತ್ವದ ಕಾನೂನಿನಲ್ಲಿ ಮದುವೆ ಇಲ್ಲದೆ ಹುಟ್ಟಿದ ಮಗುವಿಗೆ ಮೊದಲ ಸಹಜ ಪೋಷಕಿ ತಾಯಿ, ಆಮೇಲೆ ತಂದೆ. ಮಗುವನ್ನು ಎತ್ತಿ ಆಡಿಸುವ ಅಪ್ಪಂದಿರು ಇದನ್ನು ತಿಳಿದಿರಬೇಕು.

ಪಿತ್ರಾರ್ಜಿತದ ವಿಷಯ ಸಿಕ್ಕು. ನಮ್ಮ ಕರ್ನಾಟಕದಿಂದಲೇ ಹೋದ ಒಂದು ಕೇಸಿನಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ಅಸಿಂಧು ಮದುವೆಯ, ಅಂದರೆ ನಡೆದರೂ ಕಾನೂನಿನಲ್ಲಿ ನಿಲ್ಲದ ಮದುವೆಯ, ಮಕ್ಕಳಿಗೂ ಅವಿಭಕ್ತ ಕುಟುಂಬದಲ್ಲಿ ತಂದೆ ತಾಯಿಗೆ ಬರುವ ಪಾಲಿನಲ್ಲಿ ಹಕ್ಕಿದೆ ಅಂದಿತು. ಆದರೆ ಅದು ಅಸಿಂಧುವಾದರೂ ಒಂದು ಮದುವೆ ನಡೆದಿದ್ದವರ ಮಾತು. ಮದುವೆಯೇ ನಡೆಯದ ಜೋಡಿಯ ಮಗು ಅಜ್ಜನ ತೋಟದಲ್ಲಿ ಪಾಲು ಕೇಳಬೇಕಾದರೆ ದೀರ್ಘಕಾಲದ ಸಹಬಾಳ್ವೆಯನ್ನೇ ಮದುವೆ ಅಂತ ಕೋರ್ಟು ಭಾವಿಸುವಂತೆ ಮಾಡಬೇಕು. 2022ರ ಒಂದು ತೀರ್ಪು ಹಾಗೆ ಭಾವಿಸಿತು ಕೂಡ. ಅಷ್ಟು ವರ್ಷ ಮಗು ಕೋರ್ಟು ಅಲೆಯಬೇಕಾ?

ದತ್ತು ತೆಗೆದುಕೊಳ್ಳುವ ಆಸೆ ಇದ್ದರೆ, ಜೋಡಿಯಾಗಿ ಅರ್ಜಿ ಹಾಕಲು ಕನಿಷ್ಠ 2 ವರ್ಷದ ಸ್ಥಿರ ಮದುವೆ ಬೇಕು. ಬಾಡಿಗೆ ತಾಯ್ತನದ 2021ರ ಕಾಯ್ದೆಯಲ್ಲೂ ಲಿವ್-ಇನ್ ಜೋಡಿಗೆ ಜಾಗವಿಲ್ಲ. ಮಗು ನಿಮ್ಮ ಯೋಚನೆಯಲ್ಲಿದ್ದರೆ ನಾನು ಮದುವೆಯ ಕಡೆಗೇ ವಾಲುತ್ತೇನೆ.

ವೀಸಾ

ನಮ್ಮ ಐಟಿ ಜೋಡಿಗಳಲ್ಲಿ ಅರ್ಧ ಮದುವೆಗಳನ್ನು ಮಾಡಿಸುವುದು ವೀಸಾ ಅಂತ ಗೆಳೆಯರ ನಡುವೆ ಮಾತಿದೆ. ಅಮೆರಿಕದಲ್ಲಿ ಕೆಲಸಕ್ಕೆ ಹೋದವರ ಮನೆಯವರಿಗೆ ಕೊಡುವ ಎಚ್-4 ವೀಸಾ ಗಂಡ ಹೆಂಡತಿಗೆ, ಮಕ್ಕಳಿಗೆ ಮಾತ್ರ. ಕೆನಡಾ ಒಂದು ವರ್ಷ ಸತತವಾಗಿ ಜೊತೆಗಿದ್ದವರನ್ನು ಮದುವೆಯಿಲ್ಲದೆಯೂ ಒಪ್ಪುತ್ತದೆ. ಬ್ರಿಟನ್ ಎರಡು ವರ್ಷದ ಸಂಬಂಧ ಕೇಳುತ್ತದೆ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ 12 ತಿಂಗಳು. ಎಲ್ಲ ಕಡೆಯೂ ಕೇಳುವುದು ಮತ್ತದೇ ಕಾಗದ: ಇಬ್ಬರ ಹೆಸರಿನ ಬಾಡಿಗೆ ಕರಾರು, ಜಂಟಿ ಖಾತೆ, ಬಿಲ್ಲುಗಳು. ವೀಸಾಗಾಗಿ ಮಾತ್ರ ಮದುವೆಯಾಗುವುದಾದರೆ, ವೀಸಾ ಸಿಗದಿದ್ದರೂ ಆಗುತ್ತಿದ್ದೆವಾ ಅಂತ ಒಮ್ಮೆ ಕೇಳಿಕೊಳ್ಳಿ.

ಮದುವೆ ಅಂತಾದರೆ ಯಾವ ಮದುವೆ

ಶಾಸ್ತ್ರದ ಮದುವೆ ಮಾಡಿಕೊಂಡ ಹಿಂದೂ ಜೋಡಿ 1955ರ ಹಿಂದೂ ವಿವಾಹ ಕಾಯ್ದೆಯ ಕೆಳಗೆ ನೋಂದಾಯಿಸಬಹುದು. ಕರ್ನಾಟಕದಲ್ಲಿ ನೋಂದಣಿ ಇಲಾಖೆಯ ಕಾವೇರಿ 2.0 ಪೋರ್ಟಲ್ ಮೂಲಕ ಅರ್ಜಿ ಹಾಕುವ ವ್ಯವಸ್ಥೆ ಇದೆ. ಇಲ್ಲಿ ಒಂದು ಎಚ್ಚರ. ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಅದು ಈ ಕಾಯ್ದೆಯ ಮದುವೆಯೇ ಅಲ್ಲ ಅಂತ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲು ಕಾಗದ, ಮುಂದಿನ ವರ್ಷ ಛತ್ರ ಅಂತ ಯೋಚಿಸುವವರಿಗೆ ಇದು ನೇರವಾಗಿ ತಾಗುತ್ತದೆ.

ಬರೀ ಕಾಗದ ಸಾಕು ಅನ್ನುವವರಿಗೆ ಇರುವುದು 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್. ಧರ್ಮ ಬೇರೆಯಾಗಿದ್ದರೆ ಇದೇ ದಾರಿ, ಒಂದೇ ಆಗಿದ್ದರೂ ಬಳಸಬಹುದು. ನಾವು ಇದನ್ನೇ ಹಿಡಿದೆವು. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನ ವಾಸ ಇರಬೇಕು. ನೋಟಿಸ್ ಕೊಟ್ಟ ಮೇಲೆ 30 ದಿನ ಕಾಯಬೇಕು. ಮೂರು ಸಾಕ್ಷಿ ಬೇಕು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗಬೇಕು, ಇಲ್ಲದಿದ್ದರೆ ಮತ್ತೆ ಮೊದಲಿಂದ. ಆ 30 ದಿನ ನಿಮ್ಮ ಹೆಸರು, ವಿಳಾಸ ಆಫೀಸಿನ ಬೋರ್ಡಿನಲ್ಲಿ ಅಂಟಿಸಿರುತ್ತಾರೆ. ನಮ್ಮ ನೋಟಿಸ್ ನೋಡಲಿಕ್ಕೆ ನಾನೇ ಒಮ್ಮೆ ಹೋಗಿದ್ದೆ. ತುಕ್ಕು ಹಿಡಿದ ಪಿನ್ನು, ಪಕ್ಕದಲ್ಲಿ ಇನ್ನೂ ಐದಾರು ಜೋಡಿಗಳ ಫೋಟೊ. ನಮಗೆ ಅದು ಖುಷಿಯ ವಿಷಯ. ಆದರೆ ಜಾತಿ, ಧರ್ಮದ ಕಾರಣಕ್ಕೆ ಮನೆಯವರಿಂದ ಅಪಾಯ ಇರುವ ಜೋಡಿಗೆ ಆ ಬೋರ್ಡು ಅಂದರೆ ತಿಂಗಳಿಡೀ ನಿದ್ದೆ ಇಲ್ಲ. ಅಂಥವರು ನೋಟಿಸ್ ಕೊಡುವ ಮುಂಚೆಯೇ ಲಾಯರನ್ನು ಕಾಣಿ, ಪೊಲೀಸ್ ರಕ್ಷಣೆ ಕೇಳಿ. ಇಂಥ ಜೋಡಿಗಳನ್ನು ಕಾಪಾಡುವುದು ಪೊಲೀಸರ ಹೊಣೆ ಅಂತ 2018ರಲ್ಲೇ ಸುಪ್ರೀಂ ಕೋರ್ಟ್ ಆದೇಶಿಸಿದೆ. ಒಬ್ಬರು ಪರಿಶಿಷ್ಟ ಜಾತಿಯವರಾಗಿದ್ದರೆ ಅಂತರ್ಜಾತಿ ಮದುವೆಗೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನವೂ ಇದೆ. ಅದನ್ನು ಕೇಳಿ ಪಡೆಯುವುದರಲ್ಲಿ ಯಾವ ಸಂಕೋಚವೂ ಬೇಡ.

ಮಂತ್ರ ಮಾಂಗಲ್ಯದ ಬಗ್ಗೆ ನನಗೆ ವಿಶೇಷ ಪ್ರೀತಿ. 1966ರಲ್ಲಿ ಕುವೆಂಪು ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಹೀಗೇ ಮಾಡಿದರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯಿಲ್ಲ. ಗಂಡು ಹೆಣ್ಣು ತಮ್ಮ ಬಾಯಿಂದಲೇ ಪ್ರತಿಜ್ಞೆ ಓದುತ್ತಾರೆ. ಈಗಾಗಲೇ ಜೊತೆಗಿರುವ ಜೋಡಿಗಳಿಗೆ ಇದು ಚೆನ್ನಾಗಿ ಒಪ್ಪುತ್ತದೆ. ಛತ್ರ, ಸಾಲ, ಆರುನೂರು ಎಲೆ ಊಟ ಯಾವುದೂ ಬೇಕಿಲ್ಲ, ಆದರೂ ಬರೀ ಆಫೀಸಿನ ಸಹಿ ಅಂತ ಅನಿಸುವುದಿಲ್ಲ. ತಮಿಳುನಾಡಿನಲ್ಲಿ ಇಂಥ ಸ್ವಾಭಿಮಾನದ ಮದುವೆಗೆ ಹಿಂದೂ ವಿವಾಹ ಕಾಯ್ದೆಗೇ ಪ್ರತ್ಯೇಕ ಕಲಂ ಸೇರಿಸಿದ್ದಾರೆ, ಕರ್ನಾಟಕದಲ್ಲಿ ಅದಿಲ್ಲ. ಆದ್ದರಿಂದ ಮಂತ್ರ ಮಾಂಗಲ್ಯ ಮಾಡಿಕೊಂಡು ಸ್ಪೆಷಲ್ ಮ್ಯಾರೇಜ್ ಆಕ್ಟ್ ಕೆಳಗೆ ನೋಂದಾಯಿಸುವುದು ಕ್ಷೇಮ. ನಾವು ಬೆಳಿಗ್ಗೆ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ, ಸಂಜೆ ಮನೆಯಲ್ಲಿ ಪ್ರತಿಜ್ಞೆ ಓದಿದೆವು. "ಲಗ್ನ ಅಂದ್ರ ಇಷ್ಟ ಏನು?" ಅಂದಿದ್ದ ಅವನ ಅವ್ವ, ಓದುವಾಗ ನನ್ನ ಕೈ ನಡುಗಿದ್ದನ್ನು ನೋಡಿ ಬಂದು ಪಕ್ಕದಲ್ಲಿ ನಿಂತುಕೊಂಡರು.

ಬೇರೆಯಾಗುವುದಾದರೆ

ಮದುವೆಯಾಗದವರು ಹೊರಟುಹೋಗಬಹುದು. ಅದು ದೊಡ್ಡ ಸ್ವಾತಂತ್ರ್ಯ, ಅಷ್ಟೇ ದೊಡ್ಡ ಅಪಾಯ. ಮದುವೆಯಾದವರು ಸಾಮಾನ್ಯವಾಗಿ ಮೊದಲ ವರ್ಷ ವಿಚ್ಛೇದನದ ಅರ್ಜಿಯನ್ನೇ ಹಾಕುವಂತಿಲ್ಲ. ಪರಸ್ಪರ ಒಪ್ಪಿಗೆ ಇದ್ದರೂ ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿಯ ನಂತರ ಮತ್ತೆ 6 ತಿಂಗಳು. ಈ 6 ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದು ಅಂತ 2017ರ ತೀರ್ಪಿದೆ. ಒಪ್ಪಿಗೆ ಇಲ್ಲದಿದ್ದರೆ ವರ್ಷಗಳೇ ಹೋಗುತ್ತವೆ.

ಇದನ್ನು ಅಳೆಯುವಾಗ ಇಬ್ಬರ ಸಂಬಳ ನೋಡಿ. ಇಬ್ಬರೂ ಸರಿಸಮ ದುಡಿಯುತ್ತಿದ್ದರೆ ಸುಲಭದ ಬಿಡುಗಡೆ ಇಬ್ಬರಿಗೂ ಲಾಭ. ಒಬ್ಬರು ಇನ್ನೊಬ್ಬರ ವರ್ಗಾವಣೆಗಾಗಿ ಕೆಲಸ ಬಿಟ್ಟಿದ್ದರೆ, ಮಗುವಿಗಾಗಿ ಮನೆಯಲ್ಲಿದ್ದರೆ, ಅತ್ತೆಯ ಹಾಗೆ ಇರುವ ಅವನ ತಾಯಿಯ ಆರೈಕೆ ಮಾಡುತ್ತಿದ್ದರೆ, ಸುಲಭದ ಬಿಡುಗಡೆ ಒಬ್ಬರಿಗೆ ಮಾತ್ರ ಸುಲಭ. ಅಂಥಲ್ಲಿ ಮದುವೆಯೇ ಸರಿ ಅನ್ನುವುದು ನನ್ನ ಗಟ್ಟಿಯಾದ ನಂಬಿಕೆ.

ಸಲಿಂಗಿ ಜೋಡಿಗಳಿಗೆ ಈ ಆಯ್ಕೆಯನ್ನೇ ಕಾನೂನು ಕೊಟ್ಟಿಲ್ಲ. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ಮದುವೆಯ ಹಕ್ಕನ್ನು ಒಪ್ಪಲಿಲ್ಲ. ನನಗದು ನೋವಿನ ತೀರ್ಪು. ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಅಂತ 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಸ್ಪಷ್ಟಪಡಿಸಿದೆ. ಅವರಿಗೆ ಇರುವುದು ಎರಡನೆಯ ದಾರಿ ಒಂದೇ, ಆದ್ದರಿಂದ ಅದನ್ನು ಪೂರ್ತಿಯಾಗಿ ಬಳಸಿಕೊಳ್ಳಬೇಕು.

ಒಬ್ಬರಿಗೆ ಬೇಕು, ಒಬ್ಬರಿಗೆ ಬೇಡ

ಹೆಚ್ಚಿನ ಮನೆಗಳಲ್ಲಿ ನಿಜವಾದ ಗಂಟು ಇದು. ಒಬ್ಬರಿಗೆ ತಾಳಿ, ತಂದೆ ತಾಯಿಯ ಸಮಾಧಾನ ಬೇಕು. ಇನ್ನೊಬ್ಬರು ತಮ್ಮ ಮನೆಯಲ್ಲೇ ಕೆಟ್ಟ ಮದುವೆಯನ್ನು ನೋಡಿ ಬೆಳೆದಿರುತ್ತಾರೆ. 'ನೋಡೋಣ' ಅನ್ನುವ ಒಂದು ಪದದಲ್ಲಿ ಎರಡು ವರ್ಷ ಕಳೆದುಹೋಗುತ್ತದೆ. ಬೇಕು ಅನ್ನುವವರ ವಯಸ್ಸು ಕಾಯುತ್ತಾ ಸವೆಯುತ್ತದೆ.

ನಮ್ಮ ಆ ಆಪ್ತ ಜೋಡಿ ಇದಕ್ಕೊಂದು ದಾರಿ ಕಂಡುಕೊಂಡಿತು. ಯುಗಾದಿಯ ದಿನವನ್ನು ಗಡುವು ಇಟ್ಟುಕೊಂಡರು. ಅಲ್ಲಿಯ ತನಕ ಯಾರೂ ಯಾರನ್ನೂ ಕೆಣಕುವಂತಿಲ್ಲ. ಬೇರೆ ಬೇರೆ ಕೂತು ಒಂದೊಂದು ಹಾಳೆಯಲ್ಲಿ ಮೂರು ವಿಷಯ ಬರೆಯಬೇಕು: ಮದುವೆಯಾದರೆ ನನಗೆ ಏನು ಸಿಗುತ್ತದೆ, ಏನು ಕಳೆದುಕೊಳ್ಳುತ್ತೇನೆ ಅಂತ ಭಯ, ನಾಳೆ ನಾನಿಲ್ಲದಿದ್ದರೆ ನಿನಗೆ ಏನು ಉಳಿಯಬೇಕು. ಯುಗಾದಿ ಬೆಳಿಗ್ಗೆ ಬೇವು ಬೆಲ್ಲ ತಿಂದು ಹಾಳೆ ಬದಲಾಯಿಸಿಕೊಂಡರು. ಅವಳಿಗೆ ಬೇಕಿದ್ದದ್ದು ಭದ್ರತೆ, ಅವನಿಗೆ ಭಯ ಇದ್ದದ್ದು ಎರಡು ಮನೆಗಳ ಒತ್ತಡ. ಮಕ್ಕಳು ಬೇಡ ಅನ್ನುವುದರಲ್ಲಿ ಇಬ್ಬರೂ ಒಂದೇ. ಮದುವೆ ಬೇಡ ಅಂತಾಯಿತು. ಫ್ಲಾಟು ಜಂಟಿ ಹೆಸರಿಗೆ ಬಂತು, ಪಾಲು ಕ್ರಯಪತ್ರದಲ್ಲಿ ಬಂತು, ಆಸ್ಪತ್ರೆಯ ನಿರ್ದೇಶನ ಬರೆದರು. ಆಮೇಲೆ ಒಂದು ಶನಿವಾರ ಇಬ್ಬರೂ ತಮ್ಮ ತಮ್ಮ ವಿಲ್ ಹಿಡಿದು ನಮ್ಮ ಮನೆಗೆ ಬಂದರು. ಊಟದ ಮೇಜಿನ ಮೇಲಿದ್ದ ಸಾರಿನ ಪಾತ್ರೆ ಸರಿಸಿ ಕಾಗದ ಹರಡಿದರು. ಎರಡೂ ವಿಲ್‌ಗೆ ಸಾಕ್ಷಿ ಸಹಿ ನಮ್ಮಿಬ್ಬರದು.